ನಮ್ಮ ಬಯಲುಸೀಮೆಯ ಕೋಟೆ, ಕಾಡು, ತಂಗುವ ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಧುಗಿರಿ ನನ್ನ ಊರು. ಬೆಟ್ಟ ಹತ್ತಲು ಬರುವ ಗೆಳೆಯರು, ಗೆಳೆಯರ ಗೆಳೆಯರು, ದೂರದ ನೆಂಟರು ಎಲ್ಲರೂ ಹೊರಡುವ ಹಿಂದಿನ ರಾತ್ರಿ ಫೋನ್ ಮಾಡುತ್ತಾರೆ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಹಾಗಾಗಿ ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಟಿಕೆಟ್ ದರ, ಗೇಟು ತೆರೆಯುವ ಹೊತ್ತು ಆಗಾಗ ಬದಲಾಗುತ್ತವೆ. ಅವನ್ನು ಮಾತ್ರ ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

## ಹೊರಡುವ ಮುಂಚೆ

ನಿಮ್ಮ ಕಡೆ ನ್ಯಾಷನಲ್ ಪಾರ್ಕ್ ಯಾವುದಾದ್ರೂ ಇದೆಯಾ?

ಇಲ್ಲ. ಕರ್ನಾಟಕದಲ್ಲಿ ಇರುವುದು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಲ್ಲೂ ಒಂದೂ ಇಲ್ಲ. ಆದರೆ ಕಾಡುಪ್ರಾಣಿ ಇಲ್ಲ ಅಂತಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಶಿರಾ ಕಡೆ ಬುಕ್ಕಾಪಟ್ಟಣದಲ್ಲಿ ಚಿಂಕಾರ ಅಭಯಾರಣ್ಯ ಇದೆ. ದೇವರಾಯನದುರ್ಗದ ಕಾಡು ತುಮಕೂರಿನಿಂದ ಬರೀ 15 ಕಿಲೋಮೀಟರ್.

ಸಫಾರಿ ಜೀಪು, ಆನೆ ಹಿಂಡು, ಹುಲಿ ಇವೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ಇಲ್ಲಿಯದು ಕುರುಚಲು ಕಾಡು, ಹುಲ್ಲುಗಾವಲು, ಬಂಡೆ. ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಒಂದು ಗಂಟೆ ಸುಮ್ನೆ ಕೂತರೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಕೋಟೆ ಅಂದ್ರೆ ಒಳಗೆ ಅರಮನೆ ಇರುತ್ತಾ? ರಾಜಸ್ಥಾನದ ಥರ?

ಆ ಥರ ಇಲ್ಲ, ಮತ್ತು ಅದನ್ನು ಮೊದಲೇ ತಿಳಿದು ಬಂದರೆ ಒಳ್ಳೆಯದು. ನಮ್ಮವು ದುರ್ಗಗಳು. ಬೆಟ್ಟವೇ ಕೋಟೆ. ಪಾಳೇಗಾರರು ಬಂಡೆಯ ಮೇಲೆ ಗೋಡೆ ಕಟ್ಟಿದರು, ಬುರುಜು ಏರಿಸಿದರು, ಕಣಜ ಕಟ್ಟಿ ಕಾಳು ತುಂಬಿಸಿದರು. ಮೆರೆಯಲು ಕಟ್ಟಿದ್ದಲ್ಲ, ಮುತ್ತಿಗೆ ಬಿದ್ದಾಗ ಬದುಕಿ ಉಳಿಯಲು ಕಟ್ಟಿದ್ದು. ಶಿರಾದಲ್ಲಿ ಮೊಘಲರ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ್ದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿ ಆಯಿತು ಅನ್ನುತ್ತಾರೆ. ಅದು ಇಂದು ಉಳಿದಿಲ್ಲ.

ಹಾಗಾದರೆ ನೋಡುವುದು ಏನನ್ನು? ನೀರನ್ನು. ಇದು ನನ್ನ ಒಂದೇ ಹಟ. ಯಾವ ದುರ್ಗಕ್ಕೆ ಹೋದರೂ ಮೊದಲು ದೊಣೆ ಹುಡುಕಿ. ದೊಣೆ ಅಂದರೆ ಬಂಡೆಯ ಮಡಿಲಲ್ಲಿ ಮಳೆನೀರು ನಿಲ್ಲುವ ಹೊಂಡ. ವರ್ಷಪೂರ್ತಿ ಹರಿಯುವ ಹೊಳೆ ನಮ್ಮಲ್ಲಿ ಒಂದೂ ಇಲ್ಲ. ಇಂಥ ಸೀಮೆಯಲ್ಲಿ ನೀರು ನಿಲ್ಲುವ ಬೆಟ್ಟ ಸಿಕ್ಕರೆ ಅದೇ ರಾಜಧಾನಿ. ಮಧುಗಿರಿ ಕೋಟೆ ಹುಟ್ಟಿದ್ದೇ ಹಾಗೆ ಅಂತ ಒಂದು ಕಥೆ ಇದೆ. ಗೌಡನ ಮಂದೆಯಿಂದ ಒಂದು ಕುರಿ ಕಾಣೆಯಾಯಿತಂತೆ. ಆಮೇಲೆ ಮೈಯಿಂದ ನೀರು ತೊಟ್ಟಿಕ್ಕಿಸಿಕೊಂಡು ವಾಪಸ್ ಬಂತಂತೆ. ಬೆಟ್ಟದ ಮೇಲೆ ನೀರಿದೆ ಅಂತ ಗೊತ್ತಾಗಿದ್ದು ಆ ಒದ್ದೆ ಕುರಿಯಿಂದ. ಅಲ್ಲಿಗೆ ಕೋಟೆ ಬಂತು. ಕಥೆ ನಿಜವೋ ಅಲ್ಲವೋ, ದೊಣೆಯ ಪಕ್ಕ ನಿಂತಾಗ ನಂಬದೆ ಇರಲು ಕಷ್ಟ.

ಯಾವ ತಿಂಗಳು ಬರೋದು ಬೆಸ್ಟು?

ಅಕ್ಟೋಬರ್ ಕೊನೆಯಿಂದ ಜನವರಿ. ಆ ಹೊತ್ತಿಗೆ ಮಳೆ ಮುಗಿದಿರುತ್ತದೆ, ದೊಣೆಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಡಿಸೆಂಬರ್ ಬಂದರೆ ಅವರೆಕಾಯಿ ಕೂಡ ಸಿಗುತ್ತದೆ. ಫೆಬ್ರುವರಿಯಿಂದ ಬಂಡೆ ಕಾಯಲು ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯವೂ ಇದೆ. ಮಳೆಗಾಲದಲ್ಲಿ ನೋಟ ಚೆಂದ, ಆದರೆ ಪಾಚಿ ಕಟ್ಟಿದ ಬೋಳುಬಂಡೆ ಸಾಬೂನಿಗಿಂತ ಜಾರುತ್ತದೆ. ಕೊಕ್ಕರೆ ನೋಡುವವರ ಲೆಕ್ಕ ಬೇರೆ, ಅದನ್ನು ಕೆಳಗೆ ಹೇಳಿದ್ದೇನೆ.

ಕಾರಿಲ್ಲ. ಬಸ್ಸಲ್ಲೇ ಆಗುತ್ತಾ?

ಆಗುತ್ತದೆ. ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿಲೋಮೀಟರ್, ಬಸ್ಸು-ರೈಲು ಎರಡೂ ಧಾರಾಳ. ತುಮಕೂರಿನಿಂದ ಮಧುಗಿರಿಗೆ ಕೊರಟಗೆರೆ ಮೇಲೆ 43 ಕಿಲೋಮೀಟರ್, ಬಸ್ಸುಗಳು ಸಿಗುತ್ತಲೇ ಇರುತ್ತವೆ. ಬಸ್ ನಿಲ್ದಾಣದಿಂದ ಕೋಟೆ ಬಾಗಿಲಿಗೆ ನಡೆದೇ ಹೋಗಬಹುದು. ಕೋಲಾರ, ಚಿಕ್ಕಬಳ್ಳಾಪುರಕ್ಕೂ ಬಸ್ಸಿನ ತೊಂದರೆ ಇಲ್ಲ. ಕಷ್ಟ ಇರುವುದು ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ. ಮೈದನಹಳ್ಳಿ, ಕಗ್ಗಲಡು, ಮಿಡಿಗೇಶಿಯಂಥ ಜಾಗಕ್ಕೆ ಆಟೋ ಮಾತಾಡಿಕೊಂಡು ಹೋಗಿ. ಹೋಗಿ ಬರುವುದಕ್ಕೂ ಸೇರಿಸಿ ಮಾತಾಡಿ, ಇಲ್ಲದಿದ್ದರೆ ಸಂಜೆ ಅಲ್ಲೇ ನಿಂತುಬಿಡುತ್ತೀರಿ.

ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗಬಹುದಲ್ವಾ? ಉಳ್ಕೊಳ್ಳೋ ಅಂಥದ್ದು ಏನಿದೆ?

ಹೋಗಬಹುದು. ಹೆಚ್ಚಿನವರು ಮಾಡುವುದೂ ಅದನ್ನೇ. ಬೆಂಗಳೂರು ಬಿಟ್ಟು, ದಾರಿಯಲ್ಲಿ ತಿಂಡಿ ತಿಂದು, ಹತ್ತು ಗಂಟೆಗೆ ಬೆಟ್ಟದ ಬುಡಕ್ಕೆ ಬರುತ್ತಾರೆ. ಹತ್ತು ಗಂಟೆ ಅಂದರೆ ನಮ್ಮ ಕಡೆ ಬೆಟ್ಟ ಇಳಿಯುವ ಹೊತ್ತು. ಬಿಸಿಲಲ್ಲಿ ಏದುಸಿರು ಬಿಡುತ್ತಾ ಹತ್ತಿ, ಫೋಟೋ ತೆಗೆದು, ತಲೆನೋವು ಹೊತ್ತುಕೊಂಡು ಹೋಗುತ್ತಾರೆ. ಈ ಸೀಮೆ ಚೆಂದ ಕಾಣುವುದು ಎರಡೇ ಹೊತ್ತು, ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ನಾಲ್ಕೂವರೆ ಮೇಲೆ. ಪ್ರಾಣಿಗಳು ಹೊರಗೆ ಬರುವುದೂ ಆಗಲೇ. ಎರಡೂ ಬೇಕು ಅಂದರೆ ನಡುವೆ ಒಂದು ರಾತ್ರಿ ಇರಲೇಬೇಕು ಅಲ್ವಾ?

## ಬೆಟ್ಟ ಮತ್ತು ಕೋಟೆ

ಮಧುಗಿರಿ ಬೆಟ್ಟ ನನ್ನ ಕೈಲಿ ಹತ್ತೋಕೆ ಆಗುತ್ತಾ? ನಿಜ ಹೇಳಿ.

ದಿನಾ ಅರ್ಧ ಗಂಟೆ ನಡೆಯುವ ಅಭ್ಯಾಸ ಇದ್ದರೆ, ಎತ್ತರದ ಭಯ ಇಲ್ಲದಿದ್ದರೆ ಆಗುತ್ತದೆ. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಇಡೀ ಬೆಟ್ಟ ಒಂದೇ ಕಲ್ಲು. ಹತ್ತಲು ಎರಡರಿಂದ ಎರಡೂವರೆ ಗಂಟೆ, ಇಳಿಯಲು ಸ್ವಲ್ಪ ಕಡಿಮೆ.

ಮೊದಲ ಭಾಗ ಮೆಟ್ಟಿಲು, ಬಾಗಿಲು, ಬುರುಜು. ಮಕ್ಕಳೂ ಓಡುತ್ತಾರೆ. ಅಲ್ಲಿಂದ ಮೇಲೆ ಆಟ ಬದಲಾಗುತ್ತದೆ. ಮೆಟ್ಟಿಲು ಅಂತ ಇರುವುದಿಲ್ಲ, ಬಂಡೆಯಲ್ಲಿ ಉಳಿಯಿಂದ ಕೊರೆದ ಸಣ್ಣ ಹಳ್ಳಗಳು. ಒಂದೊಂದರಲ್ಲಿ ಅರ್ಧ ಪಾದ ಹಿಡಿಯುತ್ತದೆ. ಶತಮಾನಗಳ ಕಾಲ್ತುಳಿತಕ್ಕೆ ಕೆಲವು ಹಳ್ಳ ನುಣ್ಣಗಾಗಿವೆ. ಕೆಲವು ಕಡೆ ಪಕ್ಕದಲ್ಲಿ ಕಬ್ಬಿಣದ ಕಂಬಿ ಇದೆ. ಬೆಳಿಗ್ಗೆ ಏಳಕ್ಕೆ ಅದು ತಣ್ಣಗೆ, ಮಂಜು ಕೂತು ಒದ್ದೆಯಾಗಿರುತ್ತದೆ. ಹನ್ನೊಂದಕ್ಕೆ ಅದನ್ನೇ ಹಿಡಿದರೆ ಅಂಗೈ ಚುರ್ ಅನ್ನುತ್ತದೆ. ಇಳಿಯುವಾಗ ಹಲವರು ಕೂತುಕೊಂಡೇ ಇಳಿಯುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ, ನಾನೂ ಹಾಗೇ ಇಳಿಯುತ್ತೇನೆ.

ಮೇಲೆ ಪಾಳುಬಿದ್ದ ಗೋಪಾಲಕೃಷ್ಣ ಗುಡಿ ಇದೆ, ಕಣಜಗಳಿವೆ, ನಾಲ್ಕೂ ದಿಕ್ಕಿಗೆ ಕೆರೆ-ತೋಟ ಕಾಣುತ್ತದೆ. ಒಂದು ನಿಮಿಷ ಕೂತು ಕೆಳದಿಯ ರಾಣಿ ವೀರಮ್ಮಾಜಿಯನ್ನು ನೆನೆಯಿರಿ. ಹೈದರ್ ಅಲಿ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಆಕೆಯನ್ನು ಸೆರೆಯಲ್ಲಿಟ್ಟಿದ್ದು ಇದೇ ಕೋಟೆಯಲ್ಲಿ. ಆಮೇಲೆ ಮರಾಠರು ಬಿಡಿಸಿದರು. ದಿನಾ ಮಳೆ ಸುರಿಯುವ ಮಲೆನಾಡಿನ ಹೆಣ್ಣುಮಗಳು ಈ ಕಾದ ಬಂಡೆಯ ಮೇಲೆ ದಿನ ಎಣಿಸಿದ್ದನ್ನು ನೆನೆದರೆ ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ತರಬೇಕಾದ್ದು: ಒಬ್ಬರಿಗೆ ಎರಡು ಲೀಟರ್ ನೀರು, ಅಡಿಯಲ್ಲಿ ಹಲ್ಲು ಚೆನ್ನಾಗಿರುವ ಶೂ, ಟೋಪಿ, ಬೆನ್ನಿಗೆ ಹಾಕುವ ಚೀಲ. ಎರಡೂ ಕೈ ಖಾಲಿ ಇರಬೇಕು. ನಾನು ಒಮ್ಮೆ ಮಾರ್ಚ್‌ನಲ್ಲಿ, ಊರಿನವನು ಅನ್ನುವ ಧೈರ್ಯದಲ್ಲಿ, ಇಬ್ಬರಿಗೆ ಒಂದೇ ಬಾಟಲಿ ತೆಗೆದುಕೊಂಡು ಹೊರಟೆ. ಮುಕ್ಕಾಲು ದಾರಿಯಲ್ಲಿ ನೀರು ಮುಗಿಯಿತು. ಜೊತೆಗಿದ್ದವನಿಗೆ ಕಣ್ಣು ಕತ್ತಲೆ ಬಂತು. ಬಂಡೆಯ ನೆರಳಲ್ಲಿ ಅವನನ್ನು ಮಲಗಿಸಿ ಟವೆಲ್‌ನಲ್ಲಿ ಗಾಳಿ ಬೀಸುತ್ತಾ ಕೂತಿದ್ದೆ. ಇಳಿದು ಬರುತ್ತಿದ್ದ ಕಾಲೇಜು ಹುಡುಗರು ತಮ್ಮ ಬಾಟಲಿ ಕೊಟ್ಟಿದ್ದರಿಂದ ಬಚಾವಾದೆವು. ಮೇಲೆ ಅಂಗಡಿ ಇಲ್ಲ. ದೊಣೆಯ ನೀರು ಕುಡಿಯುವ ಹಾಗಿಲ್ಲ.

ಹೆಜ್ಜೇನು ಕಚ್ಚುತ್ತವಂತೆ, ಹೌದಾ?

ಇದ್ದಾವೆ. ಮಧುಗಿರಿ ಅನ್ನುವ ಹೆಸರಲ್ಲೇ ಜೇನಿದೆ. ಬಂಡೆಯ ಚಾಚಿನ ಕೆಳಗೆ ತಟ್ಟೆಯಷ್ಟು ಅಗಲದ ಕಪ್ಪು ಹುಟ್ಟು ಕಂಡರೆ ಮಾತು ತಗ್ಗಿಸಿ ಮುಂದೆ ಹೋಗಿ. ಸಿಗರೇಟು, ಬೆಂಕಿ, ಪಟಾಕಿ, ಕಲ್ಲು ಎಸೆಯುವುದು ಯಾವುದೂ ಬೇಡ. ಘಾಟು ಸೆಂಟು ಹಾಕಿಕೊಂಡು ಬರಬೇಡಿ. ಎದ್ದರೆ ಕೈ ಬೀಸಬೇಡಿ, ಮುಖ-ತಲೆ ಬಟ್ಟೆಯಲ್ಲಿ ಮುಚ್ಚಿ ಆದಷ್ಟು ದೂರ ಸರಿಯಿರಿ. ಆದರೆ ಬಂಡೆಯ ಮೇಲೆ ಓಡಬೇಡಿ. ಜೇನಿಗಿಂತ ಬಿದ್ದು ಪೆಟ್ಟಾಗುವುದೇ ಜಾಸ್ತಿ.

ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡ್ಬೇಕು. ಎಷ್ಟೊತ್ತಿಗೆ ಹೊರಡ್ಬೇಕು?

ಶನಿವಾರ, ಭಾನುವಾರ ಆದರೆ ನನ್ನ ಉತ್ತರ: ಹೊರಡಬೇಡಿ. ನಡುರಾತ್ರಿ ಎದ್ದು ಹೋದರೂ ಗೇಟಿನ ಮುಂದೆ ಕಾರಿನ ಸಾಲು, ಮೇಲೆ ತಲೆಗಳ ಸಾಲು. ವಾರಾಂತ್ಯದ ಬುಕಿಂಗ್ ನಿಯಮಗಳೂ ಬದಲಾಗುತ್ತಾ ಇರುತ್ತವೆ. ವಾರದ ನಡುವೆ ಬನ್ನಿ. ಇಲ್ಲವೇ ಹಿಂದಿನ ದಿನವೇ ಮೇಲೆ ಹೋಗಿ ಅಲ್ಲೇ ಉಳಿಯಿರಿ. ಪ್ರವಾಸೋದ್ಯಮ ನಿಗಮದ ಮಯೂರ ಪೈನ್ ಟಾಪ್ ಇದೆ, ತೋಟಗಾರಿಕೆ ಇಲಾಖೆಯ ವಸತಿಗೃಹಗಳೂ ಇವೆ. ಸಂಜೆ ಗೇಟು ಹಾಕಿದ ಮೇಲೆ ಬೆಟ್ಟ ಪೂರ್ತಿ ಬೇರೆಯೇ ಆಗುತ್ತದೆ. ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲೂ 1936ರಲ್ಲೂ ಇಲ್ಲಿಗೆ ಯಾಕೆ ಬಂದರು ಅನ್ನುವುದು ಆ ಹೊತ್ತಿಗೆ ಅರ್ಥ ಆಗುತ್ತದೆ.

ಎತ್ತರ 1,478 ಮೀಟರ್. ಸೂರ್ಯೋದಯ ಮುಗಿದ ಕೂಡಲೇ ಎಲ್ಲರೂ ಇಳಿದುಬಿಡುತ್ತಾರೆ. ನೀವು ಇಳಿಯಬೇಡಿ. ಅಮೃತ ಸರೋವರದ ಮೆಟ್ಟಿಲ ಮೇಲೆ ಕೂರಿ, ನಾನು ಹೇಳಿದ ನೀರಿನ ಮಾತು ಇಲ್ಲೂ ನಿಜ. ಕೋಟೆ ಗೋಡೆಯ ಪಕ್ಕ ನಡೆಯಿರಿ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಫಿರಂಗಿ ಎಳೆದು ತಂದು, ವಾರಗಟ್ಟಲೆ ಹೊಡೆದು, ಟಿಪ್ಪುವಿನಿಂದ ಈ ದುರ್ಗ ಕಿತ್ತುಕೊಂಡಿತು. ಕಡಿದಾದ ಆ ಬದಿಗಳನ್ನು ನೋಡಿದರೆ ಹೇಗೆ ಹತ್ತಿಸಿದರೋ ಅನ್ನಿಸುತ್ತದೆ. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ಗುಡಿ ತಪ್ಪಿಸಬೇಡಿ. 9ನೇ ಶತಮಾನದಿಂದ ಕಟ್ಟುತ್ತಾ ಬಂದ ಗುಡಿ, ಒಳಗೆ ಮೆಟ್ಟಿಲುಗಳ ಕಲ್ಯಾಣಿ. ನನ್ನ ಲೆಕ್ಕದಲ್ಲಿ ಬೆಟ್ಟಕ್ಕಿಂತ ಗುಡಿಗೇ ಒಂದು ತೂಕ ಜಾಸ್ತಿ.

ಸ್ಕಂದಗಿರಿ ನೈಟ್ ಟ್ರೆಕ್ ಇನ್ನೂ ಇದೆಯಾ?

ರಾತ್ರಿ ಹತ್ತಿ ಮೇಲೆ ಟೆಂಟ್ ಹಾಕುವುದಕ್ಕೆ ಅವಕಾಶ ಇಲ್ಲ. ಅರಣ್ಯ ಇಲಾಖೆಯ ಟಿಕೆಟ್ ಮುಂಚೆಯೇ ಬುಕ್ ಮಾಡಿಕೊಂಡು, ಅವರು ಹೇಳಿದ ಹೊತ್ತಿಗೇ ಹತ್ತಬೇಕು. ದುಡ್ಡು ಕೊಟ್ಟರೆ ಹಿಂದಿನ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅನ್ನುವವರು ಸಿಗಬಹುದು. ಬೇಡ. ಅಲ್ಲಿ ಕರಡಿ, ಚಿರತೆ ಓಡಾಡುವ ಜಾಗ ಇದೆ.

ಅಪ್ಪ-ಅಮ್ಮಗೆ ಮಂಡಿ ನೋವು, ಪುಟ್ಟ ಮಗು ಬೇರೆ. ನಮಗೆ ಯಾವುದು?

ದೇವರಾಯನದುರ್ಗ. ಭೋಗನರಸಿಂಹನ ಗುಡಿ ರಸ್ತೆಯ ಪಕ್ಕದಲ್ಲೇ ಇದೆ. ಯೋಗನರಸಿಂಹನ ಗುಡಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಆಮೇಲೆ ಮೆಟ್ಟಿಲು. ಕೆಳಗೆ ನಾಮದ ಚಿಲುಮೆಯಲ್ಲಿ ಮರದ ನೆರಳು, ಬಂಡೆಯಿಂದ ಜಿನುಗುವ ನೀರು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟ ಜಾಗ ಅಂತ ನಂಬಿಕೆ. ಮಕ್ಕಳು ಆ ಪುಟ್ಟ ಗುಂಡಿಗೆ ಕೈ ಹಾಕದೆ ಬರುವುದಿಲ್ಲ.

ಕೋಲಾರದ ಕಡೆ ಆದರೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತದೆ. ಮೆಟ್ಟಿಲು ಹದವಾಗಿವೆ. ಕೋತಿಗಳಿವೆ, ತಿಂಡಿ ಪೊಟ್ಟಣ ಕಾಣದ ಹಾಗೆ ಇಟ್ಟುಕೊಳ್ಳಿ. ಸಮತಟ್ಟು ಜಾಗವೇ ಬೇಕು ಅಂದರೆ ಶಿರಾ. 1651ರ ಮಲ್ಲಿಕ್ ರೆಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ಎರಡೂ ಕಲ್ಲಿನ ಒಳ್ಳೆಯ ಕೆಲಸ.

ಗುಡಿಬಂಡೆ ಚೆನ್ನಾಗಿದೆ ಅಂತಾರೆ. ಏನಿದೆ ಅಲ್ಲಿ?

ಮೊದಲ ಸಲ ಕೋಟೆ ಹತ್ತುವವರಿಗೆ ನಾನು ಹೇಳುವುದು ಇದನ್ನೇ. ಮಧುಗಿರಿಗಿಂತ ತುಂಬಾ ಸುಲಭ, ಮುಕ್ಕಾಲು ಗಂಟೆಯಲ್ಲಿ ಮೇಲಿರುತ್ತೀರಿ. 17ನೇ ಶತಮಾನದಲ್ಲಿ ಬೈರೇಗೌಡ ಅನ್ನುವ ಪಾಳೇಗಾರ ಕಟ್ಟಿಸಿದ್ದು. ಸುತ್ತು ಸುತ್ತಾಗಿ ಏಳು ಹಂತ. ಬಂಡೆಯ ಮೇಲೆ 19 ಹೊಂಡಗಳಿವೆ ಅಂತ ಲೆಕ್ಕ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಜೋಡಿಸಿದ್ದಾರೆ. ಮಳೆ ಬಿದ್ದ ಮರುದಿನ ಹೋದರೆ ಆ ಬುದ್ಧಿವಂತಿಕೆ ಕಣ್ಣೆದುರೇ ಹರಿಯುತ್ತದೆ. ಕೆಳಗೆ ಕಾಣುವ ಅಮಾನಿ ಬೈರಸಾಗರ ಕೆರೆ ತುಂಬಿದಾಗ ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅನ್ನುತ್ತಾರೆ. ನನಗೂ ಹಾಗೇ ಕಂಡಿತು.

ಕೆಜಿಎಫ್ ಗಣಿ ಒಳಗೆ ಬಿಡ್ತಾರಾ?

ಇಲ್ಲ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರ್‌ಗಿಂತ ಆಳದ ಸುರಂಗಗಳಲ್ಲಿ ನೀರು ತುಂಬಿದೆ. ಊರಿನ ಸುತ್ತ ಬೂದಿ ಬಣ್ಣದ ದಿಬ್ಬಗಳು ಕಾಣುತ್ತವೆ, ಅವು ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿ. ಸಿನಿಮಾದಲ್ಲಿ ನೋಡಿದೆ ಅಂತ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಗಾಳಿ ಬೀಸಿದಾಗ ಆ ಧೂಳು ಊರಿನವರ ಮನೆಯೊಳಗೆ ಬರುತ್ತದೆ, ಅವರಿಗೆ ಅದು ಸೆಟ್ ಅಲ್ಲ. ಅಲ್ಲಿಂದ ಮುಂದೆ ಬೂದಿಕೋಟೆಗೆ ಹೋಗಬಹುದು, ಹೈದರ್ ಅಲಿ ಹುಟ್ಟಿದ ಊರು.

## ಕಾಡು, ಹುಲ್ಲುಗಾವಲು

ಮೈದನಹಳ್ಳಿಯಲ್ಲಿ ಜಿಂಕೆ ಗ್ಯಾರಂಟಿ ಕಾಣ್ತಾವಾ?

ಊರಿನವರು ಜಿಂಕೆ ಅಂತಲೇ ಅನ್ನುತ್ತಾರೆ. ಅವು ಕೃಷ್ಣಮೃಗಗಳು. ಬೆಳಿಗ್ಗೆ ಆರೂವರೆಗೋ ಸಂಜೆ ಐದಕ್ಕೋ ಹೋಗಿ ಸುಮ್ನೆ ಕೂತರೆ ಕಾಣದೆ ಇರುವುದು ಅಪರೂಪ. ಜಾಗ ದೊಡ್ಡದಲ್ಲ, 798 ಎಕರೆ. 2007ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಸುತ್ತ ಹೊಲಗಳು. ಅವಕ್ಕೆ ಗಡಿ ಗೊತ್ತಿಲ್ಲ, ಕಡಲೆಕಾಯಿ ಹೊಲಕ್ಕೂ ಹೋಗುತ್ತವೆ. ಬೆಳೆ ತಿಂದರೂ ಅವುಗಳ ಜೊತೆ ಬದುಕುತ್ತಿರುವ ರೈತರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಕಳೆದ ಸಲ ನಾನು ಹೋದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಮೊದಲು ಕಂಡಿದ್ದು ಕೊಂಬು. ಹುಲ್ಲಿನ ಮೇಲೆ ಎರಡು ತಿರುಚಿದ ಕಡ್ಡಿ. ಆಮೇಲೆ ಗಂಡು ಎದ್ದು ನಿಂತಿತು. ಮೇಲೆ ಕಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣಿನ ಸುತ್ತ ಬಿಳಿ ಉಂಗುರ. ಹೆಣ್ಣುಗಳು ಒಣಹುಲ್ಲಿನ ಬಣ್ಣ, ಕೊಂಬಿಲ್ಲ, ಅವು ತಲೆ ಎತ್ತುವವರೆಗೂ ಇದ್ದಿದ್ದೇ ಗೊತ್ತಾಗಲಿಲ್ಲ. ದೂರದಲ್ಲಿ ಬೈಕ್ ಸದ್ದಾಯಿತು. ಒಂದು ಹಾರಿತು. ಹಿಂದೆಯೇ ಇಡೀ ಹಿಂಡು, ನೆಲದಲ್ಲಿ ಸ್ಪ್ರಿಂಗ್ ಇಟ್ಟ ಹಾಗೆ, ಒಂದಾದ ಮೇಲೊಂದು.

ಗಾಡಿ ಹುಲ್ಲಿನೊಳಗೆ ಓಡಿಸಬೇಡಿ. ಹತ್ತಿರದ ಫೋಟೋಗಾಗಿ ಅಟ್ಟಿಸಿಕೊಂಡು ಹೋಗಬೇಡಿ, ಗರ್ಭ ಇರುವ ಹೆಣ್ಣುಗಳಿಗೆ ಅದು ಜೀವದ ಪ್ರಶ್ನೆ. ಬೈನಾಕ್ಯುಲರ್ ಇದ್ದರೆ ತನ್ನಿ. ಗಿಣಿಹಸಿರು, ಕಣ್ಣು ಕುಕ್ಕುವ ಬಣ್ಣದ ಅಂಗಿ ಬಿಟ್ಟು ಮಣ್ಣು ಬಣ್ಣದ್ದು ಹಾಕಿ.

ಕಗ್ಗಲಡು ಕೊಕ್ಕರೆ ಯಾವಾಗ ಬರ್ತಾವೆ?

ವರ್ಷದ ಶುರುವಿನಲ್ಲಿ ಬಂದು, ಮರಿ ಮಾಡಿ, ಮಳೆಗಾಲದ ನಡುವಿಗೆ ಹೋಗುತ್ತವೆ. ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಶಿರಾದಿಂದ ಹತ್ತು ಕಿಲೋಮೀಟರ್ ಒಳಗೆ. ಇದು ಕಾಡಲ್ಲ, ಊರು. ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು. ಹಳದಿ ಕೊಕ್ಕು, ರೆಕ್ಕೆಯ ಹತ್ತಿರ ಗುಲಾಬಿ. ಕೆಳಗೆ ಹಿಕ್ಕೆ, ಮೀನಿನ ವಾಸನೆ. ಹಕ್ಕಿಗಳು ಕೂತ ಮರಕ್ಕೆ ಊರಿನವರು ತೊಂದರೆ ಕೊಡುವುದಿಲ್ಲ, ಬಂದವರು ಕೊಡುವುದಕ್ಕೂ ಬಿಡುವುದಿಲ್ಲ. ಅವರ ಜಗಲಿಯ ಮುಂದೆ ನಿಂತು ನೋಡುತ್ತಿದ್ದೀರಿ ಅನ್ನುವುದು ನೆನಪಿರಲಿ. ಒಂದು ನಮಸ್ಕಾರ ಹೇಳಿ, ಮಾತಾಡಿಸಿ. ಡ್ರೋನ್ ಹಾರಿಸಬೇಡಿ, ಗೂಡಿನ ಮರಿಗಳು ಹೆದರಿ ಕೆಳಗೆ ಬೀಳುತ್ತವೆ.

ಚಿಂಕಾರ ಅಂದ್ರೆ ಏನು? ಬುಕ್ಕಾಪಟ್ಟಣದಲ್ಲಿ ನೋಡೋಕೆ ಬಿಡ್ತಾರಾ?

ಚಿಂಕಾರ ಒಂದು ಪುಟ್ಟ ಹುಲ್ಲೆ. ಉತ್ತರದ ಒಣಭೂಮಿಯ ಪ್ರಾಣಿ ಅಂತಲೇ ಎಲ್ಲರಿಗೂ ಗೊತ್ತಿದ್ದದ್ದು, ನಮ್ಮ ಶಿರಾ ತಾಲ್ಲೂಕಿನಲ್ಲೂ ಇದೆ ಅಂತ ತಿಳಿದಾಗ ದೊಡ್ಡ ಸುದ್ದಿಯಾಯಿತು. 2019ರಲ್ಲಿ 136 ಚದರ ಕಿಲೋಮೀಟರ್ ಜಾಗವನ್ನು ಅಭಯಾರಣ್ಯ ಮಾಡಿದರು. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಕೂಡ ಇದೇ ಕಾಡಿನಲ್ಲಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಪ್ರಾಣಿ ಕಾಣುವ ಭರವಸೆ ಇಲ್ಲ, ತುಂಬಾ ನಾಚಿಕೆಯವು. ಪ್ರಾಣಿಶಾಸ್ತ್ರದ ಆಸಕ್ತಿ ಇರುವವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಕರಡಿ, ಚಿರತೆ ಎದುರಾದ್ರೆ?

ದೇವರಾಯನದುರ್ಗ, ತಿಮ್ಲಾಪುರ, ಮಧುಗಿರಿ ಸುತ್ತ ಎರಡೂ ಇವೆ. ಎದುರಾಗದ ಹಾಗೆ ನೋಡಿಕೊಳ್ಳುವುದೇ ಉಪಾಯ. ಕತ್ತಲಲ್ಲಿ ಬೆಟ್ಟ ಹತ್ತಬೇಡಿ, ಇಳಿಯುವುದನ್ನು ಸಂಜೆಗೆ ತಳ್ಳಬೇಡಿ. ಬಂಡೆಯ ಗವಿಗಳಿಗೆ ಇಣುಕಬೇಡಿ. ಗುಂಪಿನಲ್ಲಿ ಮಾತಾಡಿಕೊಂಡು ನಡೆದರೆ ಕರಡಿಯೇ ಪಕ್ಕಕ್ಕೆ ಸರಿಯುತ್ತದೆ. ಸದ್ದಿಲ್ಲದೆ ತಿರುವಿನಲ್ಲಿ ಎದುರು ಸಿಕ್ಕಾಗಲೇ ಅದು ಗಾಬರಿಯಾಗಿ ಮೇಲೆ ಬೀಳುವುದು.

## ಉಳಿಯುವುದು, ಉಣ್ಣುವುದು

ಎಲ್ಲಿ ಉಳ್ಕೊಳ್ಳೋದು? ರೆಸಾರ್ಟ್ ಇದೆಯಾ?

ರೆಸಾರ್ಟ್ ಬೇಕು ಅಂದರೆ ನಂದಿ, ಚಿಕ್ಕಬಳ್ಳಾಪುರದ ಸುತ್ತ ಬೇಕಾದಷ್ಟಿವೆ. ಮಧುಗಿರಿ, ಶಿರಾ, ಪಾವಗಡದಲ್ಲಿ ಸಿಗುವುದು ಸಾದಾ ಲಾಡ್ಜು. ಬಸ್ ನಿಲ್ದಾಣದ ಹತ್ತಿರ, ಶುಚಿಯಾದ ಹಾಸಿಗೆ, ಬೆಳಿಗ್ಗೆ ಬಿಸಿನೀರು. ಅಷ್ಟು ಸಾಕು ಅನ್ನುವವರಿಗೆ ಏನೂ ಕೊರತೆ ಇಲ್ಲ. ಸ್ವಲ್ಪ ಅನುಕೂಲ ಬೇಕು ಅಂದರೆ ತುಮಕೂರು ಅಥವಾ ಕೋಲಾರ ಊರಿನಲ್ಲಿ ಉಳಿಯಿರಿ. ದೇವರಾಯನದುರ್ಗದ ಕಾಡಿನ ನಡುವೆ ಅರಣ್ಯ ಇಲಾಖೆಯ ಅತಿಥಿಗೃಹ ಇದೆ, ಮುಂಚೆಯೇ ಬರೆದು ಕೇಳಬೇಕು.

ರೂಮು ಬುಕ್ ಮಾಡುವಾಗ ಒಂದು ಮಾತು. ಮದುವೆ ಸೀಸನ್ನಾ ಅಂತ ಕೇಳಿ. ಒಮ್ಮೆ ಗೆಳೆಯರಿಗೆ ಅಂತ ಒಂದು ಊರಿನ ಲಾಡ್ಜಿನಲ್ಲಿ ಫೋನಿನಲ್ಲೇ ಎರಡು ರೂಮು ಹೇಳಿಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಹೋದರೆ ಎರಡೂ ರೂಮಿನಲ್ಲಿ ದಿಬ್ಬಣದವರು ಮಲಗಿದ್ದರು. ಕೊನೆಗೆ ಏಳು ಜನ ನಮ್ಮ ಮನೆ ಹಜಾರದಲ್ಲಿ ಚಾಪೆ ಹಾಸಿ ಮಲಗಿದರು. ಅವತ್ತಿನಿಂದ ಮುಂಗಡ ಕೊಟ್ಟು ರಸೀದಿ ತೆಗೆದುಕೊಳ್ಳುತ್ತೇನೆ. ಎಲ್ಲರ ಗುರುತಿನ ಚೀಟಿಯೂ ಇರಲಿ.

ಐಬಿ ಸಿಗುತ್ತಾ?

ಪ್ರವಾಸಿ ಮಂದಿರಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಹಳೆಯ ಹೆಂಚಿನ ಕಟ್ಟಡ, ಎತ್ತರದ ಸೂರು ಇರುವವು ನನಗೆ ತುಂಬಾ ಇಷ್ಟ. ಆದರೆ ಮೊದಲ ಹಕ್ಕು ಅಧಿಕಾರಿಗಳದ್ದು. ಲೋಕೋಪಯೋಗಿ ಇಲಾಖೆಯಲ್ಲಿ ಅರ್ಜಿ ಕೊಟ್ಟು ಕೇಳಬಹುದು, ಅದನ್ನೇ ನಂಬಿಕೊಂಡು ಹೊರಡಬೇಡಿ.

ನಾವು ಹುಡುಗಿಯರು ಇಬ್ಬರೇ. ಸೇಫಾ?

ನನ್ನ ತಂಗಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಮಧುಗಿರಿ, ಗುಡಿಬಂಡೆ, ನಂದಿಗೆ ಬೆಳಿಗ್ಗೆ ಧೈರ್ಯವಾಗಿ ಬನ್ನಿ. ಭಾನುವಾರ ಬಂದರೆ ದಾರಿಯುದ್ದಕ್ಕೂ ಜನ ಇರುತ್ತಾರೆ. ಊರ ನಡುವಿನ, ಸಂಸಾರಸ್ಥರು ಉಳಿಯುವ ಲಾಡ್ಜು ನೋಡಿ. ಮಿಡಿಗೇಶಿ, ಚನ್ನರಾಯನದುರ್ಗದಂಥ ಖಾಲಿ ಕೋಟೆಗೆ ಮಾತ್ರ ಇಬ್ಬರೇ ಹೋಗಬೇಡಿ. ಗಂಡಸರಿಗೂ ನಾನು ಹೇಳುವುದು ಇದೇ. ಕಾಲು ಉಳುಕಿದರೆ ಕೂಗು ಕೇಳುವವರು ಇರುವುದಿಲ್ಲ.

ಊಟಕ್ಕೆ ಏನು ಸಿಗುತ್ತೆ?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಮಧ್ಯಾಹ್ನ ಮುದ್ದೆ, ಬಸ್ಸಾರು ಅಥವಾ ಉಪ್ಸಾರು. ಡಿಸೆಂಬರ್, ಜನವರಿಯಲ್ಲಿ ಹಿದಕಿದ ಬೇಳೆ ಸಾರು ಕೇಳಿ, ಇದ್ದರೆ ಬಿಡಬೇಡಿ. ಕೋಲಾರದ ಕಡೆ ಹೋದರೆ ಬಂಗಾರಪೇಟೆ ಪಾನಿಪುರಿ, ಅದರ ಪಾನಿ ನೀರಿನಷ್ಟೇ ತಿಳಿ, ಆದರೆ ಖಾರ ಮೂಗಿಗೆ ಹತ್ತುತ್ತದೆ. ಬೇಸಿಗೆಯಾದರೆ ಶ್ರೀನಿವಾಸಪುರದ ಮಾವು. ತುಮಕೂರಿನಲ್ಲಿ ಸಿದ್ಧಗಂಗಾ ಮಠದ ದಾಸೋಹ ಇದೆ, ಯಾರು ಹೋದರೂ ಊಟ ಇದೆ. ಎಲೆಯಲ್ಲಿ ಬಿಡದೆ ಉಣ್ಣಿ.

## ಮತ್ತೆ ಮತ್ತೆ ಬರುವವರಿಗೆ

ಒಂದು ರಾತ್ರಿ ಉಳ್ಕೋತೀವಿ. ಹೇಗೆ ಪ್ಲಾನ್ ಮಾಡೋದು?

ಮಧ್ಯಾಹ್ನ ಎರಡಕ್ಕೆ ಮಧುಗಿರಿ ತಲುಪಿ. ರೂಮಿಗೆ ಚೀಲ ಹಾಕಿ, ಮೂರೂವರೆಗೆ ಮೈದನಹಳ್ಳಿಗೆ ಹೊರಡಿ. ಕತ್ತಲಾಗುವ ಮುಂಚೆ ವಾಪಸ್. ಬೇಗ ಮಲಗಿ. ಬೆಳಿಗ್ಗೆ ಆರಕ್ಕೆ ಕೋಟೆ ಬಾಗಿಲಲ್ಲಿರಿ, ಹತ್ತರೊಳಗೆ ಇಳಿದಿರುತ್ತೀರಿ. ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ಗುಡಿಗಳ ತಂಪಿನಲ್ಲಿ ಸ್ವಲ್ಪ ಕೂರಿ. ಊಟ ಮಾಡಿ ಕೊರಟಗೆರೆ ದಾರಿಯಲ್ಲಿ ತುಮಕೂರಿಗೆ ಬನ್ನಿ, ಸಂಜೆ ದೇವರಾಯನದುರ್ಗ. ಇದಕ್ಕಿಂತ ಜಾಸ್ತಿ ತುರುಕಬೇಡಿ.

ಕೋಲಾರದ ಕಡೆ ಒಂದು ರಾತ್ರಿ ಇದ್ದರೆ ಸಂಜೆ ಅಂತರಗಂಗೆ, ಮರುದಿನ ಮುಳಬಾಗಿಲು ತಾಲ್ಲೂಕಿನ ಆವನಿ ಮತ್ತು ಕುರುಡುಮಲೆ. ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ಹಿಂದೆ ಸೀತೆಯ ಬೆಟ್ಟ. ಲವ-ಕುಶ ಹುಟ್ಟಿದ್ದು ಅಲ್ಲೇ ಅಂತ ನಂಬಿಕೆ.

ಜನ ಕಡಿಮೆ ಹೋಗೋ ಕೋಟೆ ಹೇಳಿ.

ಮಿಡಿಗೇಶಿ. ಮಧುಗಿರಿಯಿಂದ ಪಾವಗಡ ದಾರಿಯಲ್ಲಿ ಸುಮಾರು 20 ಕಿಲೋಮೀಟರ್. ಹಿಮ್ಮಡಿ ಮುಟ್ಟುವಷ್ಟು ಉದ್ದ ಕೂದಲಿದ್ದ ರಾಣಿಯಿಂದ ಬಂದ ಹೆಸರು ಅನ್ನುತ್ತಾರೆ. ಚನ್ನರಾಯನದುರ್ಗ ಕೊರಟಗೆರೆ-ಮಧುಗಿರಿ ನಡುವೆ ಇದೆ, ಗೋಡೆಗಳು ಇನ್ನೂ ಗಟ್ಟಿ, ದಾರಿ ಮಾತ್ರ ಪೊದೆಯಲ್ಲಿ ಮುಚ್ಚಿದೆ. ಕುಣಿಗಲ್ ಕಡೆಯವರಿಗೆ ಹುಲಿಯೂರುದುರ್ಗ. ಪಾವಗಡ ಕೋಟೆ ದೂರ, ಮೂರು ಕಡೆ ಆಂಧ್ರ. ಆದರೆ ಮೇಲಿನಿಂದ ಕಾಣುವ ಬಯಲಿನ ಅಗಲ ಬೇರೆಲ್ಲೂ ಸಿಗುವುದಿಲ್ಲ. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸಾವಿರಾರು ಎಕರೆ ಸೋಲಾರ್ ಫಲಕಗಳು. ನೀರಿಲ್ಲದ ನೆಲ ಈಗ ಬಿಸಿಲನ್ನೇ ಬೆಳೆಯುತ್ತಿದೆ. ಇಂಥ ಕೋಟೆಗಳಿಗೆ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಒಂದು ದಿನದ ಕೂಲಿಗೆ ಕಡಿಮೆ ಇಲ್ಲದ ಹಾಗೆ ಕೊಡಿ. ದಾರಿಯ ಜೊತೆ ಕಥೆಯೂ ಸಿಗುತ್ತದೆ.

ಕೋಟೆ ಮೇಲೆ ನಿಧಿ ಇದೆಯಂತೆ, ನಿಜಾನಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. ಈ ಮಾತು ನಂಬಿಕೊಂಡು ರಾತ್ರಿ ಹಾರೆ ಹಿಡಿದು ಬರುವವರ ಮೇಲೆ. ನಮ್ಮ ಬೆಟ್ಟಗಳ ಪಾಳು ಗುಡಿಗಳಲ್ಲಿ ಪೀಠ ಕಿತ್ತಿರುವುದು, ಬಸವನ ಹೊಟ್ಟೆ ಒಡೆದಿರುವುದು, ನೆಲ ಅಗೆದು ಗುಂಡಿ ಬಿಟ್ಟಿರುವುದು ಎಷ್ಟು ಸಲ ನೋಡಿದ್ದೇನೋ. ಮಳೆಗಾಲ ಬಂದರೆ ಆ ಗುಂಡಿಯಲ್ಲಿ ನೀರು ನಿಂತು ಗೋಡೆ ಕುಸಿಯುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಅಗೆಯುವುದು ಅಪರಾಧ. ಬಂಡೆಯ ಮೇಲೆ ಹೆಸರು ಕೆತ್ತುವುದೂ ಅಷ್ಟೇ. ಹೊಸದಾಗಿ ಅಗೆದ ಗುಂಡಿ ಕಂಡರೆ ಫೋಟೋ ತೆಗೆದು, ಇಳಿದ ಮೇಲೆ ಪೊಲೀಸರಿಗೋ ಪುರಾತತ್ವ ಇಲಾಖೆಯವರಿಗೋ ತೋರಿಸಿ.

ದೊಣೆಯೊಳಗೆ ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದರೆ, ಕೈಗೆ ಸಿಗುವ ಹಾಗಿದ್ದರೆ, ಒಂದೆರಡು ಎತ್ತಿಕೊಂಡು ಇಳಿಯಿರಿ. ಆ ನೀರು ಕುಡಿಯಲು ಸಂಜೆ ನವಿಲು, ಮುಂಗುಸಿ, ಕರಡಿ ಎಲ್ಲ ಬರುತ್ತವೆ.